ಜೂಡೋದ ಅಡ್ಡಗಾಲು ಎಸೆತ, ಸಸಾಯೆ-ತ್ಸುರಿಕೋಮಿ-ಆಶಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜೂಡೋ ಕ್ಲಾಸಿಗೆ ಸೇರಿ, ಬೀಳುವುದನ್ನು ಕಲಿತ ಮೇಲೆ, ಮೊದಮೊದಲು ಹೇಳಿಕೊಡುವ ಎಸೆತಗಳಲ್ಲಿ ಇದೂ ಒಂದು. ನೋಡಲು ಏನೂ ಇಲ್ಲ ಅನಿಸುತ್ತದೆ. ಮಾಡಲು ಹೋದರೆ ಎದುರಿನವರು ನಿಂತ ಜಾಗದಿಂದ ಅಲ್ಲಾಡುವುದೇ ಇಲ್ಲ. ಹೊಸಬರು ಕೇಳುವ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇನೆ. ವಿವರಣೆ ಎಲ್ಲ ಬಲಗೈ ಹಿಡಿತದವರಿಗೆ. ಎಡಚರು ಎಡ ಬಲ ಅದಲುಬದಲು ಮಾಡಿಕೊಂಡು ಓದಿ. ಎಸೆಯುವವರನ್ನು ತೋರಿ, ಎಸೆಸಿಕೊಳ್ಳುವವರನ್ನು ಉಕೆ ಎಂದು ಕರೆಯುವುದು ಎಲ್ಲ ಕಡೆ ರೂಢಿ. ಇಲ್ಲೂ ಹಾಗೇ ಬರೆದಿದ್ದೇನೆ.

ಇದು ಯಾವ ಎಸೆತ? ಜೂಡೋದಲ್ಲಿ ಇದರ ಜಾಗ ಎಲ್ಲಿ?

ಪೂರ್ತಿ ಹೆಸರು ಸಸಾಯೆ-ತ್ಸುರಿಕೋಮಿ-ಆಶಿ. ಕ್ಲಾಸಿನಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ, ಬರೀ ಸಸಾಯೆ ಅಂತಾರೆ. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎನ್ನುವ ಜೂಡೋ ಶಾಲೆ ಶುರು ಮಾಡಿದರು. ಎಸೆತಗಳನ್ನು ಕಲಿಸುವ ಕ್ರಮವೊಂದು ಅಲ್ಲಿ 1895ರಲ್ಲಿ ತಯಾರಾಯಿತು, 1920ರಲ್ಲಿ ಅದನ್ನು ತಿದ್ದಿದರು. ಗೋಕ್ಯೊ ಎನ್ನುವ ಆ ಪಟ್ಟಿಯಲ್ಲಿ ಐದು ಗುಂಪು, ಒಂದೊಂದರಲ್ಲಿ ಎಂಟು, ಒಟ್ಟು 40 ಎಸೆತ. ಸಸಾಯೆ ಮೊದಲ ಗುಂಪಿನಲ್ಲಿ ಮೂರನೆಯದು. ದೆ-ಆಶಿ-ಹರಾಯಿ, ಹಿಜಾ-ಗುರುಮಾ ಆದ ಮೇಲೆ ಇದೇ.

ಮೊದಲ ಗುಂಪಿನಲ್ಲಿದೆ ಅಂದ ಮಾತ್ರಕ್ಕೆ ಬೇಗ ಕೈಗೆ ಹತ್ತುತ್ತದೆ ಅಂದುಕೊಳ್ಳಬೇಡಿ. ಉಕೆ ತುಂಬಾ ಎತ್ತರದಿಂದ ಬೀಳುವುದಿಲ್ಲ, ತೋರಿ ಬೆನ್ನು ತಿರುಗಿಸಬೇಕಾಗಿಲ್ಲ. ಹೊಸಬರಿಗೆ ಇದು ಒಪ್ಪುವುದು ಆ ಕಾರಣಕ್ಕೆ. ಪಳಗುವುದಕ್ಕೆ ಮಾತ್ರ ಕಾಲ ಬೇಕು.

ಇದು ಸುಮ್ನೆ ಅಡ್ಡಗಾಲು ಹಾಕಿ ಬೀಳಿಸುವುದು ಅಲ್ವಾ?

ಕಾಲು ಅಡ್ಡ ಇರುತ್ತದೆ, ನಿಜ. ಆದರೆ ಬೀಳಿಸುವುದು ಆ ಕಾಲಲ್ಲ. ಹೊಸ್ತಿಲು ಎಡವಿ ಬಿದ್ದವರನ್ನು ನೋಡಿರುತ್ತೀರಿ. ಹೊಸ್ತಿಲು ಏನೂ ಮಾಡಿರುವುದಿಲ್ಲ, ಇದ್ದ ಕಡೆ ಇರುತ್ತದೆ. ಮೈ ಮುಂದಕ್ಕೆ ಹೋಗುತ್ತಿರುವಾಗ ಪಾದ ಮಾತ್ರ ಹಿಂದೆ ಉಳಿಯುತ್ತದೆ, ಅಷ್ಟೇ. ಸಸಾಯೆಯಲ್ಲಿ ನಿಮ್ಮ ಎಡಪಾದದ ಕೆಲಸವೂ ಅಷ್ಟೇ. ಉಕೆಯ ಮೈಯನ್ನು ಮುಂದಕ್ಕೆ ಕಳಿಸುವ ಕೆಲಸ ನಿಮ್ಮ ಎರಡು ಕೈ, ಸೊಂಟ ಮತ್ತು ನೆಲದ ಮೇಲಿರುವ ಬಲಗಾಲಿನದು.

ಈ ಪುಟದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದು ನೆನಪಿಡಿ. ಒದೆಯುವುದು, ಗುಡಿಸುವುದು, ಕಾಲಿನಿಂದ ಎಳೆಯುವುದು ಯಾವುದೂ ಇಲ್ಲಿಲ್ಲ. ಹೊಸಬರ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಗಮನವೆಲ್ಲ ಎಡಪಾದದ ಮೇಲೆ ಇರುವುದರಿಂದ.

ಹಂತ ಹಂತವಾಗಿ ಹೇಳಿ. ಎಲ್ಲಿಂದ ಶುರು ಮಾಡಬೇಕು?

ಹಿಡಿತದಿಂದ. ಎಡಗೈಯಲ್ಲಿ ಉಕೆಯ ಬಲತೋಳಿನ ಬಟ್ಟೆ, ಮೊಣಕೈ ಹತ್ತಿರ. ಬಲಗೈಯಲ್ಲಿ ಅವರ ಎಡಕಾಲರ್, ಹೆಚ್ಚುಕಡಿಮೆ ಎದೆಯ ಮೇಲ್ಭಾಗದಲ್ಲಿ. ಬಟ್ಟೆಯನ್ನು ಕಿರುಬೆರಳು, ಉಂಗುರ ಬೆರಳಿನಿಂದ ಗಟ್ಟಿಯಾಗಿ ಹಿಡಿಯಿರಿ. ತೋರುಬೆರಳು ಸಡಿಲ ಇದ್ದರೂ ನಡೆಯುತ್ತದೆ. ಹಿಡಿತ ಬಿಗಿ ಇರಲಿ, ಭುಜ ಬಿಗಿ ಬೇಡ.

ಆಮೇಲೆ ಬಲಗಾಲು. ಇದನ್ನು ಉಕೆಯ ಎಡಪಾದದ ಮುಂದೆ, ಸ್ವಲ್ಪ ಹೊರಗಡೆಗೆ ಇಡಬೇಕು. ಇಡುವಾಗಲೇ ಬೆರಳುಗಳು ಒಳಕ್ಕೆ, ಅಂದರೆ ನಿಮ್ಮ ಎಡಕ್ಕೆ ತಿರುಗಿರಬೇಕು. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಎಸೆತ ಅರ್ಧ ತೀರ್ಮಾನವಾಗುವುದೇ ಇಲ್ಲಿ. ಪಾದ ಒಳಕ್ಕೆ ತಿರುಗಿದ್ದರೆ ಮೊಣಕಾಲು ತಿರುಗುತ್ತದೆ, ಮೊಣಕಾಲಿನ ಹಿಂದೆ ಸೊಂಟ, ಸೊಂಟದ ಹಿಂದೆ ಎದೆ. ಪಾದ ನೇರ ಇಟ್ಟರೆ ಮೈ ಅರ್ಧ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಕೈಯಿಂದ ಎಷ್ಟು ಜಗ್ಗಿದರೂ ದಂಡ.

ಬಲಗಾಲು ಊರುತ್ತಿರುವಾಗಲೇ ಕೈಗಳು ಕೆಲಸ ಶುರು ಮಾಡಬೇಕು. ಎಡಗೈ ಉಕೆಯ ತೋಳನ್ನು ಅವರ ಬಲಮುಂದಿನ ಮೂಲೆಯತ್ತ ಎಳೆಯುತ್ತದೆ. ನೆಲದ ಕಡೆಗಲ್ಲ, ನಿಮ್ಮ ಭುಜದ ಎತ್ತರದಲ್ಲಿ ಹೊರಕ್ಕೆ. ಎಳೆಯುತ್ತಾ ಮುಂಗೈ ತಿರುಗಿ ಕಿರುಬೆರಳು ಮೇಲಕ್ಕೆ ಬರಬೇಕು. ಬಲಗೈ ಕಾಲರನ್ನು ಎತ್ತುತ್ತದೆ. ಮೊಣಕೈ ಕೆಳಗಿರಲಿ, ಮುಷ್ಟಿ ಮೇಲಕ್ಕೆ ಹೋಗಲಿ. ಸರಿಯಾಗಿ ಎತ್ತಿದಾಗ ಉಕೆಯ ಹಿಮ್ಮಡಿಗಳು ಮ್ಯಾಟ್ ಬಿಟ್ಟು ಮೇಲೇಳುತ್ತವೆ. ಪಕ್ಕದಲ್ಲಿ ನಿಂತು ನೋಡುವವರಿಗೆ ಇದು ಚೆನ್ನಾಗಿ ಕಾಣುತ್ತದೆ. ಹಿಮ್ಮಡಿ ಎದ್ದಿಲ್ಲ ಅಂದರೆ ಉಕೆಯ ಆಯ ಇನ್ನೂ ತಪ್ಪಿಲ್ಲ.

ಈಗ ಎಡಪಾದ. ಅಂಗಾಲನ್ನು ಉಕೆಯ ಬಲಪಾದದ ಗಂಟಿನ ಮುಂದೆ ಇಡಿ. ಎಡಗಾಲು ಹೆಚ್ಚುಕಡಿಮೆ ನೇರ. ಸೊಂಟ ಮುಂದಕ್ಕೆ, ಎದೆ ಅಗಲ. ಅಲ್ಲಿಂದ ಮೈಯೆಲ್ಲ ಒಂದಾಗಿ ಎಡಕ್ಕೆ ತಿರುಗಬೇಕು, ಕತ್ತೂ ಅದೇ ದಿಕ್ಕಿಗೆ. ಉಕೆ ನಿಮ್ಮ ಎಡಪಕ್ಕದಿಂದ ಸುತ್ತಿ ಬಂದು ಬೆನ್ನ ಮೇಲೆ ಬೀಳುತ್ತಾರೆ. ಅವರ ಬಲತೋಳು ಮಾತ್ರ ಕೊನೆವರೆಗೂ ನಿಮ್ಮ ಎಡಗೈಯಲ್ಲೇ ಇರಬೇಕು.

ಓದಲು ಇಷ್ಟುದ್ದ. ಮಾಡುವಾಗ ಇದೆಲ್ಲ ಒಂದೇ ಉಸಿರಿನ ಕೆಲಸ.

ಪಾದ ನಿಖರವಾಗಿ ಎಲ್ಲಿ ತಾಗಬೇಕು?

ಕಾಲಿನ ಮೂಳೆ ಮುಗಿದು ಪಾದ ಶುರುವಾಗುವ ಕಡೆ ಒಂದು ಮಡಿಕೆ ಇದೆಯಲ್ಲ, ಅಲ್ಲಿ. ನಿಮ್ಮ ಅಂಗಾಲು ಒಳಕ್ಕೆ ಮಗುಚಿಕೊಂಡಿರಬೇಕು. ಕಿರುಬೆರಳಿನ ಅಂಚು ಮ್ಯಾಟಿಗೆ ಹತ್ತಿರ, ಹೆಬ್ಬೆರಳು ಮೇಲೆ. ಹಾಗೆ ಇಟ್ಟರೆ ತಾಗುವುದು ಅಂಗಾಲಿನ ಮೆತ್ತನೆ ಭಾಗ, ಯಾರಿಗೂ ನೋವಿಲ್ಲ. ಪಾದ ಮಗುಚದೆ ಹಾಗೇ ಚಾಚಿದರೆ ನಿಮ್ಮ ಹೆಬ್ಬೆರಳು ಅಥವಾ ಪಾದದ ಅಂಚು ಹೋಗಿ ಉಕೆಯ ಮೂಳೆಗೆ ಬಡಿಯುತ್ತದೆ. ಮಾರನೇ ದಿನ ಆ ಜಾಗ ನೀಲಿಗಟ್ಟಿರುತ್ತದೆ, ಜೊತೆಗಾರರ ಮುಖ ಗಂಟಿಕ್ಕಿರುತ್ತದೆ.

ಉಗುರು ಕತ್ತರಿಸಿಕೊಂಡು ಬನ್ನಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಯಾವ ಕ್ಷಣದಲ್ಲಿ ಮಾಡಬೇಕು?

ಉಕೆ ಬಲಗಾಲು ಮುಂದಿಟ್ಟು, ಆ ಕಾಲಿನ ಮೇಲೆ ತೂಕ ಬರುತ್ತಿರುವಾಗ. ಪಾದ ನೆಲಕ್ಕೆ ತಾಗಿದೆ, ಮೈ ಇನ್ನೂ ಮುಂದಕ್ಕೆ ಬರುತ್ತಿದೆ, ಆಗ. ಪೂರ್ತಿ ತೂಕ ಬಿಟ್ಟು ಗಟ್ಟಿಯಾಗಿ ನಿಂತುಬಿಟ್ಟ ಮೇಲೂ ಸಸಾಯೆ ಮಾಡಬಹುದು, ಕೈಗಳಿಗೆ ಕೆಲಸ ಜಾಸ್ತಿ.

ಹೊಸಬರು ಅಷ್ಟು ಚಿಕ್ಕ ಕ್ಷಣಕ್ಕೆ ಕಾದು ಕೂರುವುದಕ್ಕಿಂತ ಅದನ್ನು ತಾವೇ ಹುಟ್ಟಿಸುವುದು ವಾಸಿ. ನೀವು ಹಿಂದಕ್ಕೆ ನಡೆಯಿರಿ, ಉಕೆ ಹಿಂಬಾಲಿಸಿ ಬರಲಿ. ಎರಡು ಹೆಜ್ಜೆ ಒಂದೇ ಅಳತೆಯಲ್ಲಿ. ಮೂರನೇ ಹೆಜ್ಜೆಗೆ ನಿಮ್ಮ ಬಲಗಾಲನ್ನು ನೇರ ಹಿಂದಕ್ಕೆ ಇಡುವ ಬದಲು ಸುತ್ತಿಸಿ ಹಿಂದಕ್ಕೆ, ಬೆರಳು ಒಳಮುಖ ಮಾಡಿ ಇಡಿ. ಉಕೆಯ ಬಲಗಾಲು ಬರುವ ದಾರಿಯಲ್ಲಿ ನಿಮ್ಮ ಎಡ ಅಂಗಾಲು ಮೊದಲೇ ಕಾದಿರುತ್ತದೆ. ನಾಗೆ-ನೊ-ಕಾತಾ ಎನ್ನುವ ಸಾಂಪ್ರದಾಯಿಕ ಜೋಡಿ ಪ್ರದರ್ಶನದಲ್ಲೂ ಸಸಾಯೆ ಇದೇ ರೀತಿ ಮೂರನೇ ಹೆಜ್ಜೆಗೆ ಬರುತ್ತದೆ. ಕಾತಾ ಅಂದರೆ ಬರೀ ಬೆಲ್ಟ್ ಪರೀಕ್ಷೆಗೆ ಅನ್ನುವವರು ಆ ಮೂರು ಹೆಜ್ಜೆಯನ್ನು ಒಂದು ಸಲ ನಿಧಾನಕ್ಕೆ ಮಾಡಿ ನೋಡಬೇಕು. ಎಸೆತದ ಗುಟ್ಟೆಲ್ಲ ಅದರಲ್ಲೇ ಇದೆ.

ಹಿಜಾ-ಗುರುಮಾ, ಹರಾಯಿ-ತ್ಸುರಿಕೋಮಿ-ಆಶಿ, ದೆ-ಆಶಿ-ಹರಾಯಿ, ಎಲ್ಲ ಒಂದೇ ಥರ ಕಾಣುತ್ತವಲ್ಲ?

ದೂರದಿಂದ ಹಾಗೇ ಕಾಣುತ್ತವೆ. ಹಿಜಾ-ಗುರುಮಾದಲ್ಲಿ ಅಂಗಾಲು ತಡೆಯುವುದು ಮೊಣಕಾಲಿನ ಹತ್ತಿರ, ಸಸಾಯೆಯಲ್ಲಿ ಪಾದದ ಗಂಟಿನ ಹತ್ತಿರ. ಹಿಜಾದಲ್ಲಿ ತೋರಿ ಸ್ವಲ್ಪ ದೂರ ನಿಂತು ಉಕೆಯನ್ನು ಚಕ್ರದ ಹಾಗೆ ಸುತ್ತಿಸುವುದು ಜಾಸ್ತಿ, ಸಸಾಯೆಯಲ್ಲಿ ಹತ್ತಿರ ನಿಂತು ಮೇಲಕ್ಕೆತ್ತುವುದು ಜಾಸ್ತಿ.

ಹರಾಯಿ-ತ್ಸುರಿಕೋಮಿ-ಆಶಿಯಲ್ಲಿ ಕೈಗಳ ಕೆಲಸ ಸಸಾಯೆಯದ್ದೇ. ಆದರೆ ಉಕೆಯ ಕಾಲು ಹಿಂದಕ್ಕೆ ಸರಿಯುತ್ತಿರುತ್ತದೆ, ತೂಕ ಅದರ ಮೇಲಿಲ್ಲ. ಹಾಗಾಗಿ ತಡೆಯುವ ಬದಲು ಗುಡಿಸುತ್ತೀರಿ. ಗೋಕ್ಯೊದಲ್ಲಿ ಅದು ಮೂರನೇ ಗುಂಪಿನಲ್ಲಿದೆ. ದೆ-ಆಶಿ-ಹರಾಯಿಯಲ್ಲೂ ಗುಡಿಸುವುದೇ. ಉಕೆ ಮುಂದಿಡುತ್ತಿರುವ ಕಾಲಿಗೆ ತೂಕ ಬೀಳುವ ಮುಂಚೆ ಅದನ್ನು ಪಕ್ಕದಿಂದ ಸರಿಸುವುದು. ರಾಂಡೋರಿಯಲ್ಲಿ, ಅಂದರೆ ಅಭ್ಯಾಸಕ್ಕಾಗಿ ಆಡುವ ಸೆಣಸಾಟದಲ್ಲಿ, ಮಾಡಿದ್ದು ಸಸಾಯೆಯೋ ಹರಾಯಿಯೋ ಅಂತ ಒಮ್ಮೊಮ್ಮೆ ಮೇಷ್ಟ್ರುಗಳೇ ವಾದ ಮಾಡುತ್ತಾರೆ. ಉಕೆ ಬೆನ್ನ ಮೇಲೆ ಬಿದ್ದಿದ್ದರೆ ಆ ಚರ್ಚೆ ಚಹಾ ಕುಡಿಯುವಾಗ ಮಾಡಿಕೊಳ್ಳಬಹುದು.

ಎಲ್ಲ ಹೇಳಿದ ಹಾಗೇ ಮಾಡುತ್ತೇನೆ, ಉಕೆ ಅಲ್ಲಾಡುವುದಿಲ್ಲ. ಏನು ತಪ್ಪು?

ಮೊದಲು ನಿಮ್ಮ ಸೊಂಟ ನೋಡಿಕೊಳ್ಳಿ. ಕಾಲು ಚಾಚುವಾಗ ಸೊಂಟ ಹಿಂದಕ್ಕೆ ಹೋಗಿ ಮೈ ಮುಂದಕ್ಕೆ ಬಾಗಿದೆಯಾ? ಹತ್ತರಲ್ಲಿ ಎಂಟು ಜನ ಇದನ್ನೇ ಮಾಡುತ್ತಾರೆ. ಸೊಂಟ ಹಿಂದೆ ಹೋದ ಕೂಡಲೇ ಕೈಗಳು ಕೆಳಕ್ಕೆ ಜಗ್ಗುತ್ತವೆ, ಉಕೆಯ ತೂಕ ಅವರ ಪಾದದ ಮೇಲೇ ಗಟ್ಟಿಯಾಗಿ ಕೂರುತ್ತದೆ. ನೀವೇ ಅವರನ್ನು ನೆಲಕ್ಕೆ ನೆಟ್ಟ ಹಾಗಾಯಿತು. ನಿಮ್ಮ ಹೊಟ್ಟೆ ಉಕೆಯ ಹೊಟ್ಟೆಯ ಕಡೆ ಹೋಗಬೇಕು, ದೂರ ಅಲ್ಲ.

ಎರಡನೆಯದು ಕಣ್ಣು. ಉಕೆಯ ಪಾದ ಎಲ್ಲಿದೆ ಅಂತ ಬಗ್ಗಿ ನೋಡುತ್ತೀರಾ? ತಲೆ ಬಗ್ಗಿದರೆ ಬೆನ್ನೂ ಬಗ್ಗುತ್ತದೆ, ಮತ್ತೆ ಅದೇ ಕಥೆ. ಜೊತೆಗೆ ಉಕೆಗೂ ಸುಳಿವು ಸಿಗುತ್ತದೆ. ಪಾದ ಎಲ್ಲಿದೆ ಅಂತ ತೋಳಿನ ಬಟ್ಟೆಯ ಎಳೆತದಿಂದಲೇ ತಿಳಿಯುವುದು ಅಭ್ಯಾಸವಾಗಬೇಕು. ಶುರುವಿನಲ್ಲಿ ಅಂಗಾಲು ಎರಡಿಂಚು ಮೇಲೆ ಕೆಳಗೆ ತಾಗಿದರೂ ಚಿಂತೆಯಿಲ್ಲ, ತಲೆ ಎತ್ತಿರಿ.

ಮೂರನೆಯದು ದಿಕ್ಕು. ಉಕೆಯ ಎರಡು ಪಾದಗಳ ನಡುವೆ ಒಂದು ಗೆರೆ ಎಳೆದಿದೆ ಅಂದುಕೊಳ್ಳಿ. ಆ ಗೆರೆಯ ಉದ್ದಕ್ಕೆ ಎಳೆದರೆ ಒಂದು ಕಾಲು ಆಸರೆ ಕೊಡುತ್ತದೆ. ಗೆರೆಗೆ ಅಡ್ಡಡ್ಡ ಎಳೆದರೆ ಆಸರೆಯಿಲ್ಲ. ಉಕೆಯ ಪಾದಗಳು ಹೇಗಿವೆ ಅನ್ನುವುದರ ಮೇಲೆ ಸರಿಯಾದ ದಿಕ್ಕು ಸ್ವಲ್ಪ ಆಚೀಚೆ ಆಗುತ್ತದೆ. ಯಾವಾಗಲೂ ನಿಮ್ಮ ಎದೆಯತ್ತ ಎಳೆಯುತ್ತಿದ್ದರೆ ಉಕೆ ಬಂದು ನಿಮಗೇ ಢಿಕ್ಕಿ ಹೊಡೆಯುತ್ತಾರೆ.

ಇಷ್ಟೂ ಸರಿಯಿದ್ದರೆ, ಬಲಗಾಲು ತುಂಬಾ ದೂರ ಇಟ್ಟಿದ್ದೀರಾ ನೋಡಿ.

ಎಸೆಯಲು ಹೋಗಿ ನಾನೇ ಹಿಂದಕ್ಕೆ ಬೀಳುತ್ತೇನೆ. ಯಾಕೆ?

ತಿರುಗದೆ ಬರೀ ಹಿಂದಕ್ಕೆ ವಾಲುತ್ತಿದ್ದೀರಿ. ಸಸಾಯೆಯಲ್ಲಿ ಸ್ವಲ್ಪ ವಾಲುವುದು ಇದೆ, ಆದರೆ ತಿರುಗುವುದರ ಜೊತೆಗೆ. ಕತ್ತು ಎಡಕ್ಕೆ ತಿರುಗಿಸಿ, ಉಕೆ ಬೀಳಬೇಕಾದ ಜಾಗ ನೋಡಿ. ಕತ್ತು ತಿರುಗಿದರೆ ಉಳಿದದ್ದು ಹಿಂಬಾಲಿಸುತ್ತದೆ.

ಎತ್ತರ ಕಮ್ಮಿ ಇರುವವರು ಬೇಕಂತಲೇ ಉಕೆಯ ಜೊತೆ ತಾವೂ ಬೀಳುವುದುಂಟು. ಪಂದ್ಯಗಳಲ್ಲಿ ಅದನ್ನು ಕಾಣಬಹುದು. ಕಲಿಯುವ ಹಂತದಲ್ಲಿ ಬೇಡ. ನಿಂತು ಮುಗಿಸುವುದನ್ನು ಮೊದಲು ಕಲಿಯಿರಿ.

ನಿಂತ ಕಾಲಿನ ಮೊಣಕಾಲು ನೋಯುತ್ತಿದೆ. ಹೀಗೆ ಆಗಬೇಕಾ?

ಆಗಬಾರದು. ಪಾದ ನೇರ ಇಟ್ಟು ಮೈ ಮಾತ್ರ ತಿರುಗಿಸಿದರೆ ತಿರುಚುವ ಬಲವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ಬೆರಳು ಒಳಮುಖ ಇಡಿ, ತಿರುಗುವಾಗ ಪಾದದ ಮುಂಭಾಗದ ಮೇಲೆ ತೂಕವಿರಲಿ, ಹಿಮ್ಮಡಿ ಹಗುರವಾಗಿ ಸರಿಯಲಿ. ಆದರೂ ನೋವು ಹೋಗದಿದ್ದರೆ, ಊತ ಬಂದರೆ, ಎಣ್ಣೆ ತಿಕ್ಕಿಕೊಂಡು ಮತ್ತೆ ಮ್ಯಾಟಿಗೆ ಬರಬೇಡಿ. ಡಾಕ್ಟರಿಗೆ ತೋರಿಸಿ.

ಉಕೆಯ ಮೊಣಕಾಲಿನ ಬಗ್ಗೆಯೂ ಒಂದು ಮಾತು. ಅಡ್ಡ ಇಡುವ ಪಾದ ಯಾವಾಗಲೂ ಅವರ ಕಾಲಿನ ಮುಂದೆ ಇರಬೇಕು. ಮೊಣಕಾಲಿನ ಪಕ್ಕಕ್ಕೆ ತೂಕ ಹಾಕಬಾರದು. ಎರಡು ಕಾಲಿನಿಂದ ಕತ್ತರಿ ಹಾಕಿ ಬೀಳಿಸುವ ಕಾನಿ-ಬಸಾಮಿ ಎನ್ನುವ ಎಸೆತವನ್ನು ಪಂದ್ಯಗಳಲ್ಲಿ ನಿಷೇಧಿಸಿರುವುದು ಕಾಲು ಮುರಿಯುವ ಅಪಾಯ ಇರುವುದಕ್ಕೇ.

ಎಸೆಸಿಕೊಳ್ಳುವವರು ಹೇಗೆ ಬೀಳಬೇಕು?

ಉಕೆಮಿ, ಅಂದರೆ ಪೆಟ್ಟಾಗದ ಹಾಗೆ ಬೀಳುವುದು, ಚೆನ್ನಾಗಿ ಬರದೆ ಈ ಎಸೆತಕ್ಕೆ ಉಕೆಯಾಗಿ ನಿಲ್ಲಬೇಡಿ. ಶುರುವಿನಲ್ಲಿ ಮುಂದಕ್ಕೆ ಮುಗ್ಗರಿಸಿದ ಹಾಗೆ ಆಗುವುದರಿಂದ ಕೈ ತಾನಾಗಿ ನೆಲಕ್ಕೆ ಊರಲು ಹೋಗುತ್ತದೆ. ಅದೇ ಅಪಾಯ. ಮುಂಗೈ, ಮೊಣಕೈ, ಕೊರಳೆಲುಬು ಪೆಟ್ಟಾಗುವುದು ಹೀಗೇ. ಬಲತೋಳನ್ನು ತೋರಿ ಹಿಡಿದಿರುತ್ತಾರೆ, ಅದನ್ನು ನಂಬಿ ಬಿಟ್ಟುಕೊಡಿ. ಗಲ್ಲ ಎದೆಗೆ ಒತ್ತಿ, ಮೈ ಉರುಳಲಿ, ಎಡಗೈಯಿಂದ ಮ್ಯಾಟನ್ನು ಜೋರಾಗಿ ಬಡಿಯಿರಿ. ತೋರಿ ಆದವರು ಆ ತೋಳನ್ನು ಕೊನೆಗೆ ಸ್ವಲ್ಪ ಮೇಲಕ್ಕೆ ಎಳೆದು ಹಿಡಿದರೆ ಬೀಳುವವರ ತಲೆ, ಭುಜ ಎರಡೂ ಉಳಿಯುತ್ತವೆ. ಬೀಳಿಸಿದ ಖುಷಿಯಲ್ಲಿ ಕೈ ಬಿಡುವವರ ಜೊತೆ ಯಾರೂ ಎರಡನೇ ಸಲ ಜೋಡಿಯಾಗುವುದಿಲ್ಲ.

ಮನೆಯಲ್ಲಿ ಒಬ್ಬರೇ ಅಭ್ಯಾಸ ಮಾಡಬಹುದಾ?

ಹೆಜ್ಜೆ ಮತ್ತು ತಿರುಗುವುದನ್ನು ಮಾಡಬಹುದು. ಹಳೆಯ ಸೈಕಲ್ ಟ್ಯೂಬ್ ಒಂದನ್ನು ಕಂಬಕ್ಕೋ ಕಿಟಕಿ ಸರಳಿಗೋ ಎದೆ ಎತ್ತರದಲ್ಲಿ ಕಟ್ಟಿ, ಎರಡು ತುದಿ ಎರಡು ಕೈಯಲ್ಲಿ ಹಿಡಿಯಿರಿ. ನಮ್ಮ ಕಡೆ ಜೂಡೋ, ಕುಸ್ತಿ ಮಾಡುವವರಿಗೆ ಟ್ಯೂಬ್ ಎಳೆಯುವುದು ಹೊಸದೇನಲ್ಲ. ಬಲಗಾಲು ಒಳಮುಖ, ಎಡಗಾಲು ಅಡ್ಡ, ಕೈ ಮೇಲಕ್ಕೆ, ಮೈ ಎಡಕ್ಕೆ. ಮಧ್ಯೆ ನಿಲ್ಲಿಸಿ ಸೊಂಟ ಎಲ್ಲಿದೆ ಅಂತ ನೋಡಿಕೊಳ್ಳಿ. ಮೊಬೈಲನ್ನು ಪಕ್ಕದಲ್ಲಿಟ್ಟು ವಿಡಿಯೊ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಬೆನ್ನು ಬಾಗಿರುವುದು ನಮಗೆ ಗೊತ್ತೇ ಆಗಿರುವುದಿಲ್ಲ, ವಿಡಿಯೊದಲ್ಲಿ ಎದ್ದು ಕಾಣುತ್ತದೆ.

ನುಣುಪಾದ ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಮಾಡಬೇಡಿ. ತಮ್ಮನನ್ನೋ ತಂಗಿಯನ್ನೋ ಕರೆದು ಗಟ್ಟಿ ನೆಲದ ಮೇಲೆ ಎಸೆದು ನೋಡುವುದಂತೂ ಬೇಡವೇ ಬೇಡ.

ಜೊತೆಗಾರರ ಜೊತೆ ಯಾವ ಕ್ರಮದಲ್ಲಿ ಅಭ್ಯಾಸ ಮಾಡಬೇಕು?

ಮೊದಲು ನಿಂತಲ್ಲೇ ಉಚಿಕೋಮಿ. ಎಸೆಯದೆ, ಹಿಮ್ಮಡಿ ಏಳುವವರೆಗೆ ಮಾತ್ರ. ಆಮೇಲೆ ನಡೆಯುತ್ತಾ ಉಚಿಕೋಮಿ. ಆಮೇಲೆ ದಪ್ಪ ಮ್ಯಾಟಿನ ಮೇಲೆ ನಾಗೆಕೋಮಿ, ಅಂದರೆ ನಿಜವಾಗಿ ಎಸೆಯುವುದು.

ನನ್ನ ಅನಿಸಿಕೆ ಕೇಳಿದರೆ, ಸಸಾಯೆಗೆ ನಿಂತಲ್ಲೇ ಮಾಡುವ ಉಚಿಕೋಮಿ ಬೇಗ ಸಾಕು ಮಾಡಬೇಕು. ಅಲ್ಲಾಡದೆ ನಿಂತವರ ಮೇಲೆ ಮಾಡಿ ಮಾಡಿ ಕಾಲಿಗೆ ಒದೆಯುವ ಚಟ ಹತ್ತುತ್ತದೆ. ನಡೆಯುವ ಉಕೆ ಬೇಕು. ಇನ್ನೊಂದು ಒಳ್ಳೆಯ ಅಭ್ಯಾಸವಿದೆ: ಎಡಪಾದವನ್ನು ಬಳಸಲೇಬೇಡಿ. ಬರೀ ಕೈ ಮತ್ತು ಬಲಗಾಲಿನ ಹೆಜ್ಜೆಯಿಂದ ಉಕೆ ಬಲಗಾಲನ್ನು ದೊಡ್ಡದಾಗಿ ಮುಂದಿಡುವ ಹಾಗೆ ಮಾಡಿ. ಹತ್ತು ಸಲಕ್ಕೆ ಹತ್ತು ಸಲ ಆ ದೊಡ್ಡ ಹೆಜ್ಜೆ ಬರುತ್ತಿದ್ದರೆ ಎಸೆತ ನಿಮ್ಮದಾಯಿತು. ಆ ಹೆಜ್ಜೆಯ ಮುಂದೆ ಪಾದ ಇಡುವುದು ಮಾತ್ರ ಬಾಕಿ.

ನನಗಿಂತ ಭಾರಿ ಆಳಿಗೆ ಇದು ನಡೆಯುತ್ತದಾ?

ನಡೆಯುತ್ತದೆ, ಅವರು ಚಲಿಸುತ್ತಿದ್ದರೆ. ಬೆನ್ನ ಮೇಲೆ ಹೊತ್ತು ಎಸೆಯಬೇಕಾಗಿಲ್ಲ ಅನ್ನುವುದು ಇದರ ದೊಡ್ಡ ಅನುಕೂಲ. ಮೈಭಾರ ಇರುವವರು ಮುಂದಕ್ಕೆ ನುಗ್ಗಿದಾಗ ಆ ಭಾರ ನಿಮ್ಮ ಪರವಾಗಿಯೇ ಕೆಲಸ ಮಾಡುತ್ತದೆ. ನಿಂತುಬಿಟ್ಟರೆ ಕಷ್ಟ. ಎತ್ತರದವರಿಗೆ ಇದು ಇನ್ನೂ ಚೆನ್ನಾಗಿ ಒಗ್ಗುತ್ತದೆ. ಕೈ ಎತ್ತಲು ಎತ್ತರ ಇದೆ, ಕಾಲೂ ಉದ್ದ. ಫ್ರಾನ್ಸಿನ ಟೆಡ್ಡಿ ರಿನರ್ 2 ಮೀಟರ್‌ಗೂ ಹೆಚ್ಚು ಎತ್ತರದ ಹೆವಿವೇಟ್. ಸಸಾಯೆ ಅವರ ಕೈಯಲ್ಲಿ ಹೇಗಿರುತ್ತದೆ ಅಂತ ಹಳೆಯ ಪಂದ್ಯಗಳ ವಿಡಿಯೊದಲ್ಲಿ ನೋಡಿ.

ಕ್ಲಾಸಿನಲ್ಲಿ ಬರುತ್ತದೆ, ರಾಂಡೋರಿಯಲ್ಲಿ ಬರುವುದೇ ಇಲ್ಲ. ಏನು ಮಾಡಲಿ?

ಒಂಟಿ ಸಸಾಯೆಗೆ ಯಾರೂ ಬೇಗ ಬೀಳುವುದಿಲ್ಲ. ಬೇರೆ ಪಟ್ಟಿನ ಜೊತೆ ಜೋಡಿಸಿ.

ನನಗೆ ತುಂಬಾ ಇಷ್ಟದ ಜೋಡಿ ಒಸೋತೊ-ಗಾರಿ. ಸಸಾಯೆ ಹಾಕಿದಾಗ ಉಕೆ ಮುಂದೆ ಬೀಳಬಾರದು ಅಂತ ಮೈಯನ್ನು ಹಿಂದಕ್ಕೆ ಜಗ್ಗುತ್ತಾರೆ. ತೂಕ ಬಲಹಿಮ್ಮಡಿಗೆ ಹೋಗುತ್ತದೆ. ಕೂಡಲೇ ಅಡ್ಡ ಇಟ್ಟಿದ್ದ ಎಡಪಾದವನ್ನು ಅವರ ಬಲಗಾಲಿನ ಪಕ್ಕ ಊರಿ, ಬಲಗಾಲಿನಿಂದ ಅದೇ ಕಾಲನ್ನು ಹಿಂದಿನಿಂದ ಕೊಯ್ದುಬಿಡಿ. ಇದು ಎರಡು ಸಲ ಆದ ಮೇಲೆ ಅವರು ಹಿಂದಕ್ಕೆ ಜಗ್ಗಲು ಹೆದರುತ್ತಾರೆ. ಆಗ ಸಸಾಯೆ ತಾನಾಗಿ ಸಿಗುತ್ತದೆ.

ಇನ್ನೊಂದು ಒಉಚಿ-ಗಾರಿಯಿಂದ. ನಿಮ್ಮ ಬಲಗಾಲಿನಿಂದ ಅವರ ಎಡಗಾಲನ್ನು ಒಳಗಿನಿಂದ ಹುಡುಕಿ. ಅವರು ಎಡಗಾಲು ಹಿಂದಕ್ಕೆ ತೆಗೆದುಕೊಂಡರೆ ತೂಕ ಬಲಗಾಲಿಗೆ ಬರುತ್ತದೆ. ನಿಮ್ಮ ಬಲಗಾಲು ಕೆಳಗಿಳಿಯುವಾಗ ಬೆರಳು ಒಳಮುಖವಾಗಿ ಇಳಿಯಲಿ, ಎಡಪಾದ ಅಡ್ಡ ಹೋಗಲಿ.

ಎದುರಿನವರು ಎಡಚರಾದರೆ?

ಅವರ ಎಡಗಾಲು ಮುಂದಿರುತ್ತದೆ, ಬಲಗಾಲು ದೂರ. ದೂರದ ಕಾಲಿಗೆ ಹಟ ಹಿಡಿಯುವ ಬದಲು ಬಹಳ ಜನ ಹತ್ತಿರದ ಎಡಗಾಲಿಗೆ ಬಲ ಅಂಗಾಲು ಅಡ್ಡ ಇಡುತ್ತಾರೆ. ಆಗ ಕಾಲರ್ ಹಿಡಿದ ಕೈ ಎಳೆಯುವ ಕೈಯಾಗುತ್ತದೆ, ತಿರುಗುವುದು ಬಲಕ್ಕೆ. ಎರಡೂ ಕಡೆ ಕಲಿತಿದ್ದರೆ ಒಳ್ಳೆಯದು ಅನ್ನುವುದು ಇದಕ್ಕೇ.

ತಿರುಗೇಟು ಬೀಳುವ ಅಪಾಯ ಎಷ್ಟು?

ಬೆನ್ನು ಕೊಡುವ ಎಸೆತಗಳಿಗಿಂತ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ನೀವು ಒಂದು ಕಾಲಿನ ಮೇಲೆ ನಿಂತು ಹಿಂದಕ್ಕೆ ವಾಲಿರುತ್ತೀರಿ. ಚುರುಕಾದ ಉಕೆ ನಿಮ್ಮ ಪಾದವನ್ನು ದಾಟಿ ಹೆಜ್ಜೆ ಇಟ್ಟು, ಎದೆಗೆ ಎದೆ ಕೊಟ್ಟು ಒಳಗಾಲಿಗೆ ಒಉಚಿ ಹಾಕಬಹುದು. ಎಸೆತ ಆಗಲಿಲ್ಲ ಅಂದ ಕೂಡಲೇ ಪಾದ ವಾಪಸ್ ತೆಗೆದು ನೆಟ್ಟಗೆ ನಿಲ್ಲಿ. ಅರ್ಧ ಮಾಡಿ ಯೋಚಿಸುತ್ತಾ ನಿಂತವರೇ ಸಿಕ್ಕಿಬೀಳುವುದು.

ಕುಸ್ತಿ, ಕಬಡ್ಡಿ ಆಡಿ ಬಂದವರಿಗೆ ಇದು ಸುಲಭವಾ?

ನೆಲದ ಮೇಲೆ ಗಟ್ಟಿಯಾಗಿ ನಿಲ್ಲುವುದು, ಎದುರಿನವರ ತೂಕ ಎಲ್ಲಿದೆ ಅಂತ ಕೈಯಲ್ಲೇ ಗುರುತಿಸುವುದು ಗರಡಿ ಮನೆಯಿಂದ ಬಂದವರಿಗೆ ಮೊದಲೇ ಗೊತ್ತಿರುತ್ತದೆ. ಅದು ದೊಡ್ಡ ಆಸ್ತಿ. ತೊಂದರೆ ಎರಡು. ಒಂದು, ಸೊಂಟ ಬಗ್ಗಿಸಿ ನಿಲ್ಲುವ ರೂಢಿ. ಸಸಾಯೆಗೆ ಮೈ ನೆಟ್ಟಗಿರಬೇಕು. ಇನ್ನೊಂದು, ಕೈ ತಾನಾಗಿ ಎದುರಿನವರ ಕಾಲಿಗೆ ಹೋಗುವುದು. ಕಬಡ್ಡಿಯಲ್ಲಿ ಪಾದದ ಗಂಟು ಹಿಡಿದರೆ ಚಪ್ಪಾಳೆ. ಜೂಡೋ ಪಂದ್ಯದಲ್ಲಿ ಶಿಡೋ ಎನ್ನುವ ಶಿಕ್ಷೆ. ಕೈಯಿಂದ ಕಾಲು ಹಿಡಿಯುವುದಕ್ಕೆ ಅಂತಾರಾಷ್ಟ್ರೀಯ ಒಕ್ಕೂಟ 2010ರಲ್ಲಿ ಕಡಿವಾಣ ಹಾಕಿತು, 2013ರಲ್ಲಿ ಪೂರ್ತಿ ನಿಲ್ಲಿಸಿತು. ಪಾದದಿಂದ ಪಾದ ತಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ದೊಡ್ಡ ಪಂದ್ಯಗಳಲ್ಲಿ ಇದಕ್ಕೆ ಅಂಕ ಸಿಗುತ್ತದಾ?

ಯಾಕಿಲ್ಲ? ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರ ಜುಲೈನಲ್ಲಿ, 73 ಕೆಜಿ ಫೈನಲ್ ನಡೆಯಿತು. ಜಪಾನಿನ ಶೋಹೆ ಓನೊ ಎದುರು ಜಾರ್ಜಿಯಾದ ಲಾಶಾ ಶಾವ್ದತುವಾಶ್ವಿಲಿ. 4 ನಿಮಿಷದಲ್ಲಿ ತೀರ್ಮಾನವಾಗಲಿಲ್ಲ. ಗೋಲ್ಡನ್ ಸ್ಕೋರ್‌ನಲ್ಲಿ, ಅಂದರೆ ಹೆಚ್ಚುವರಿ ಸಮಯದಲ್ಲಿ, ಇಬ್ಬರೂ ಸುಸ್ತಾಗಿದ್ದಾಗ, ಓನೊ ಸಸಾಯೆ ಹಾಕಿ ವಜಾ-ಅರಿ ಪಡೆದರು. ಅದು ಅವರ ಎರಡನೇ ಒಲಿಂಪಿಕ್ ಚಿನ್ನ. ಒಸೋತೊ-ಗಾರಿ, ಉಚಿ-ಮಾತಾಗಳಿಗೆ ಹೆಸರಾದವರು ಕೊನೆಗೆ ಗೆದ್ದದ್ದು ಹೊಸಬರಿಗೆ ಕಲಿಸುವ ಪಟ್ಟಿನಿಂದ.

ಅಂಕದ ಲೆಕ್ಕ ಹೀಗೆ: ಬಲ, ವೇಗ, ಕೊನೆವರೆಗೂ ಹಿಡಿತ ಇದ್ದು ಎದುರಾಳಿ ಬೆನ್ನ ಮೇಲೆ ಬಿದ್ದರೆ ಇಪ್ಪೊನ್, ಆಟ ಮುಗಿಯಿತು. ಅದರಲ್ಲಿ ಏನಾದರೂ ಕೊರತೆಯಿದ್ದರೆ ವಜಾ-ಅರಿ, ಅಂಥವು ಎರಡು ಸೇರಿದರೆ ಇಪ್ಪೊನ್. ಅದಕ್ಕಿಂತ ಕೆಳಗಿನ ಯೂಕೊ 2025ರಲ್ಲಿ ವಾಪಸ್ ಬಂದಿದೆ. ಸಸಾಯೆಯಲ್ಲಿ ತಿರುಗುವುದು ಅರ್ಧಕ್ಕೆ ನಿಂತರೆ ಉಕೆ ಪಕ್ಕಕ್ಕೆ ಬೀಳುತ್ತಾರೆ, ಇಪ್ಪೊನ್ ಕೈತಪ್ಪುತ್ತದೆ.

ನಮ್ಮ ದೇಶದಲ್ಲಿ, ಕರ್ನಾಟಕದಲ್ಲಿ ಜೂಡೋ ಎಷ್ಟರ ಮಟ್ಟಿಗೆ ಇದೆ?

ಹಳೆಯ ನಂಟೇ. ರವೀಂದ್ರನಾಥ ಠಾಕೂರರು 1929ರಲ್ಲಿ ಶಿಂಜೊ ತಕಗಾಕಿ ಎಂಬ ಜಪಾನಿ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿ ಜೂಡೋ ಕಲಿಸಿದ್ದರು. ಇತ್ತೀಚೆಗೆ ಮಣಿಪುರದ ಹುಡುಗಿಯರು ಮುಂದಿದ್ದಾರೆ. ಸುಶೀಲಾ ದೇವಿ 2014 ಮತ್ತು 2022ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಬೆಳ್ಳಿ ಗೆದ್ದರು. ಲಿಂಥೋಯಿ ಚಾನಂಬಮ್ 2022ರಲ್ಲಿ ಸರಾಯೆವೊದಲ್ಲಿ 57 ಕೆಜಿ ಕೆಡೆಟ್ (18ರೊಳಗಿನವರ) ವಿಶ್ವ ಚಾಂಪಿಯನ್ ಆದರು. ಜೂಡೋ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಯಾವುದೇ ವಯಸ್ಸಿನ ವಿಭಾಗದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಆ ಹುಡುಗಿ ತರಬೇತಿ ಪಡೆಯುತ್ತಿದ್ದದ್ದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿರುವ ಇನ್ಸ್‌ಪೈರ್ ಇನ್ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ, ಜಾರ್ಜಿಯಾದ ಕೋಚ್ ಕೈಕೆಳಗೆ. ಬಳ್ಳಾರಿಯ ಬಿಸಿಲಿನಲ್ಲಿ ಆ ದಪ್ಪ ಜೂಡೋಗಿ ಹಾಕಿಕೊಂಡು ಅಭ್ಯಾಸ ಮಾಡುವುದನ್ನು ನೆನೆದರೇ ಬೆವರು ಬರುತ್ತದೆ.

ಮಕ್ಕಳಿಗೆ ಕಲಿಸಬಹುದಾ?

ಬೀಳುವುದು ಬಂದಿದ್ದರೆ ಖಂಡಿತ. ಮಕ್ಕಳಿಗೆ ವಿವರಣೆ ಬೇಡ, ಆಟ ಸಾಕು. ಕೈ ಕೈ ಹಿಡಿದು ಸುತ್ತುತ್ತಾ ಎದುರಿನವರ ಪಾದಕ್ಕೆ ಅಂಗಾಲು ಮೆತ್ತಗೆ ಮುಟ್ಟಿಸುವ ಆಟ ಆಡಿಸಿ. ಒಂದೇ ಕಟ್ಟುನಿಟ್ಟು: ಮ್ಯಾಟಿನ ಹೊರಗೆ, ಶಾಲೆಯ ಸಿಮೆಂಟ್ ಅಂಗಳದಲ್ಲಿ ಯಾರ ಮೇಲೂ ಪ್ರಯೋಗ ಇಲ್ಲ.

ಉಕೆ ಬಿದ್ದ ಮೇಲೆ ಮುಂದೇನು?

ತೋಳು ಕೈಯಲ್ಲೇ ಇದೆಯಲ್ಲ, ಬಿಡಬೇಡಿ. ಅವರ ಬಲಪಕ್ಕಕ್ಕೆ ಕೂತು, ತೋಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಲಗೈಯನ್ನು ಕತ್ತಿನ ಹಿಂದೆ ಹಾಕಿದರೆ ಕೆಸಾ-ಗಾತಾಮೆ ಎನ್ನುವ ನೆಲದ ಹಿಡಿತ ಸಿದ್ಧ. 20 ಸೆಕೆಂಡ್ ಹಿಡಿದಿಟ್ಟರೆ ಇಪ್ಪೊನ್, 10 ಸೆಕೆಂಡ್ ದಾಟಿದರೆ ವಜಾ-ಅರಿ. ಸಸಾಯೆಯಿಂದ ಪೂರ್ತಿ ಅಂಕ ಬರದಿದ್ದ ದಿನ ಇದರಿಂದ ಬರುತ್ತದೆ. ನಾಗೆಕೋಮಿ ಮಾಡುವಾಗಲೂ ಎಸೆದು ಎದ್ದು ನಿಲ್ಲುವ ಬದಲು ನಾಲ್ಕಕ್ಕೊಂದು ಸಲವಾದರೂ ಹೀಗೆ ಕೂತು ಮುಗಿಸಿ.